ಸ್ಪೀಕರ್ ಪೀಠದಿಂದ ಇಳಿಯುವುದು ಹೇಗೆ, ಇಳಿಸುವವರು ಯಾರು?

ಓದುಗರ ಪ್ರಶ್ನೆ: ಸರ್ಕಾರ ಬಿದ್ದು ಬೇರೆ ಪಕ್ಷ ಅಧಿಕಾರಕ್ಕೆ ಬಂದಾಗ ಮುಖ್ಯಮಂತ್ರಿ ಹೋಗುತ್ತಾರೆ, ಸಚಿವರೆಲ್ಲರೂ ಹೋಗುತ್ತಾರೆ. ಆದರೆ ಹಳೆಯ ಸ್ಪೀಕರ್ ಮಾತ್ರ ಪೀಠದಲ್ಲೇ ಇರುತ್ತಾರೆ. ಅವರನ್ನು ರಾಷ್ಟ್ರಪತಿ ಅಥವಾ ರಾಜ್ಯಪಾಲರು ತೆಗೆಯಬಹುದೇ? ಪಕ್ಷ ಉಚ್ಚಾಟಿಸಿದರೆ ಹುದ್ದೆ ಹೋಗುತ್ತದೆಯೇ? ರಾಜೀನಾಮೆ ಕೊಡುವುದಾದರೆ ಯಾರಿಗೆ ಕೊಡಬೇಕು? ಸದನವೇ ವಿಸರ್ಜನೆಯಾದ ಮೇಲೂ ಅವರು ಸ್ಪೀಕರ್ ಆಗಿಯೇ ಇರುತ್ತಾರೆಂದು ಓದಿದೆ, ಅದು ನಿಜವೇ? ವಿಧಾನ ಪರಿಷತ್ತಿನ ಸಭಾಪತಿ, ರಾಜ್ಯಸಭೆಯ ಸಭಾಪತಿ ಇವರಿಗೂ ಇದೇ ನಿಯಮವೇ?

ಉತ್ತರ:

ಸಂವಿಧಾನದ ಪಾಠ ಹೇಳುವಾಗ ನಾನು ತರಗತಿಯಲ್ಲಿ ಒಂದು ಸಣ್ಣ ಪರೀಕ್ಷೆ ಕೊಡುತ್ತೇನೆ. ಲೋಕಸಭೆಯ ಸ್ಪೀಕರ್ ರಾಜೀನಾಮೆ ಪತ್ರ ಬರೆಯಲು ಕುಳಿತಿದ್ದಾರೆ. ಹಾಳೆಯ ಎಡಗಡೆ ‘ಇವರಿಗೆ’ ಎಂದು ಬರೆದಾಗಿದೆ. ಅದರ ಕೆಳಗೆ ಯಾರ ಹೆಸರು ಬರೆಯಬೇಕು? ಹತ್ತರಲ್ಲಿ ಎಂಟು ಮಂದಿ ‘ರಾಷ್ಟ್ರಪತಿಯವರಿಗೆ’ ಎನ್ನುತ್ತಾರೆ. ಒಬ್ಬಿಬ್ಬರು ‘ಪ್ರಧಾನಿಗೆ’ ಎನ್ನುವುದೂ ಉಂಟು. ಸರಿಯಾದ ಉತ್ತರ ಉಪಸಭಾಧ್ಯಕ್ಷರು, ಅಂದರೆ ಡೆಪ್ಯುಟಿ ಸ್ಪೀಕರ್. ಡೆಪ್ಯುಟಿ ಸ್ಪೀಕರ್ ರಾಜೀನಾಮೆ ಕೊಡುವುದಾದರೆ ಸ್ಪೀಕರ್‌ಗೆ ಕೊಡಬೇಕು. ನಿಮ್ಮ ಎಲ್ಲ ಪ್ರಶ್ನೆಗಳ ಬೇರು ಈ ವಿಳಾಸದಲ್ಲೇ ಇದೆ. ಆದ್ದರಿಂದ ಇಲ್ಲಿಂದಲೇ ಶುರು ಮಾಡುತ್ತೇನೆ.

ಸಂವಿಧಾನ ರಚನಾ ಸಭೆಯಲ್ಲಿ ಈ ವಿಳಾಸದ ಬಗ್ಗೆ ಚರ್ಚೆ ನಡೆದಿತ್ತು. ರಾಜೀನಾಮೆ ರಾಷ್ಟ್ರಪತಿಗೇ ಏಕೆ ಹೋಗಬಾರದು ಎಂಬ ವಾದಕ್ಕೆ ಡಾ. ಅಂಬೇಡ್ಕರ್ ಕೊಟ್ಟ ಸಮಾಧಾನ ಬಹಳ ನೇರವಾದದ್ದು. ಯಾರು ನೇಮಿಸಿದರೋ ಅವರಿಗೆ ರಾಜೀನಾಮೆ ಕೊಡುವುದು ವಾಡಿಕೆ. ಸ್ಪೀಕರ್ ಅವರನ್ನು ಆರಿಸಿದ್ದು ಸದನ. ಸದನವೆಂಬುದು ನೂರಾರು ಜನರ ಕೂಟವಾದ್ದರಿಂದ ಒಬ್ಬೊಬ್ಬ ಸದಸ್ಯರಿಗೂ ಪತ್ರ ಬರೆಯಲಾಗದು. ಹಾಗಾಗಿ ಸದನವನ್ನು ಪ್ರತಿನಿಧಿಸುವ ಇನ್ನೊಬ್ಬರಿಗೆ ಕೊಟ್ಟರೆ ಅದು ಸದನಕ್ಕೆ ಕೊಟ್ಟಂತೆ. ಸಚಿವರ ವಿಷಯ ಹಾಗಲ್ಲ. ಅವರು ರಾಷ್ಟ್ರಪತಿ ಅಥವಾ ರಾಜ್ಯಪಾಲರು ಒಪ್ಪಿರುವವರೆಗೆ ಹುದ್ದೆಯಲ್ಲಿರುತ್ತಾರೆ ಎಂದು ಸಂವಿಧಾನವೇ ಹೇಳಿದೆ. ಸ್ಪೀಕರ್ ಬಗ್ಗೆ ಅಂಥ ಒಂದು ಪದವೂ ಇಲ್ಲ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ರಾಷ್ಟ್ರಪತಿ ತೆಗೆಯುವಂತಿಲ್ಲ, ರಾಜ್ಯಪಾಲರು ತೆಗೆಯುವಂತಿಲ್ಲ, ಪ್ರಧಾನಿ ಅಥವಾ ಮುಖ್ಯಮಂತ್ರಿಯ ಮಾತಂತೂ ದೂರ. ಸರ್ಕಾರ ಬದಲಾದ ಮಾತ್ರಕ್ಕೆ ಸ್ಪೀಕರ್ ಹುದ್ದೆ ಒಂದಿಂಚೂ ಅಲುಗುವುದಿಲ್ಲ.

ಲೋಕಸಭೆಯ ಮಟ್ಟಿಗೆ ಈ ನಿಯಮಗಳು 94ನೇ ವಿಧಿಯಲ್ಲಿವೆ. ವಿಧಾನಸಭೆಗಳಿಗೆ ಅದರ ಪಡಿಯಚ್ಚಿನಂತಿರುವ 179ನೇ ವಿಧಿ. ಹೊರಗೆ ಹೋಗುವ ಬಾಗಿಲು ಮೂರು. ಸದನದ ಸದಸ್ಯತ್ವ ಹೋದರೆ ಹುದ್ದೆ ತಾನಾಗಿ ಹೋಗುತ್ತದೆ. ಸ್ವಂತ ಸಹಿಯ ಪತ್ರ ಬರೆದು ಯಾವಾಗ ಬೇಕಾದರೂ ರಾಜೀನಾಮೆ ಕೊಡಬಹುದು. ಸದನವೇ ನಿರ್ಣಯ ಅಂಗೀಕರಿಸಿ ಇಳಿಸಬಹುದು. ನಾಲ್ಕನೆಯ ಬಾಗಿಲಿಲ್ಲ.

ರಾಜೀನಾಮೆಯ ವಿಷಯದಲ್ಲಿ ಬಹಳಷ್ಟು ಜನ ಗಮನಿಸದ ಒಂದು ಅಂಶವಿದೆ. ಶಾಸಕರೊಬ್ಬರು ರಾಜೀನಾಮೆ ಕೊಟ್ಟರೆ ಅದನ್ನು ಸ್ಪೀಕರ್ ಅಂಗೀಕರಿಸಬೇಕು. ಅದು ಸ್ವಇಚ್ಛೆಯದೇ, ನೈಜವಾದದ್ದೇ ಎಂದು ಅವರಿಗೆ ಮನವರಿಕೆಯಾಗಬೇಕು. 1974ರ 33ನೇ ತಿದ್ದುಪಡಿ ಈ ಷರತ್ತನ್ನು ತಂದಿತು. ಆದರೆ ಸ್ಪೀಕರ್ ಅವರ ಸ್ವಂತ ರಾಜೀನಾಮೆಗೆ ಅಂಗೀಕಾರದ ಮಾತೇ ಇಲ್ಲ. ಬರೆದು, ಸಹಿ ಮಾಡಿ, ಸರಿಯಾದ ಕೈಗೆ ಕೊಟ್ಟರೆ ಮುಗಿಯಿತು. ಈ ಎರಡು ನಿಯಮಗಳನ್ನು ಒಂದೇ ತಿಂಗಳಲ್ಲಿ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ 2019ರ ಜುಲೈನಲ್ಲಿ ಕರ್ನಾಟಕಕ್ಕೆ ಸಿಕ್ಕಿತು. ಶಾಸಕರ ರಾಜೀನಾಮೆ ಪತ್ರಗಳು ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅವರ ಕಚೇರಿಯಲ್ಲಿ ಉಳಿದು, ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಕೊನೆಗೆ 17 ಮಂದಿ ಅನರ್ಹರಾದರು. ಜುಲೈ 29ರಂದು ಬಿ.ಎಸ್. ಯಡಿಯೂರಪ್ಪನವರ ಹೊಸ ಸರ್ಕಾರ ವಿಶ್ವಾಸಮತ ಗೆದ್ದಿತು, ಹಣಕಾಸು ಮಸೂದೆಗೂ ಒಪ್ಪಿಗೆ ಸಿಕ್ಕಿತು. ಅದಾದ ಮೇಲೆ ರಮೇಶ್ ಕುಮಾರ್ ಪೀಠದಿಂದಲೇ ತಮ್ಮ ನಿರ್ಧಾರ ತಿಳಿಸಿ, ರಾಜೀನಾಮೆ ಪತ್ರವನ್ನು ಉಪಸಭಾಧ್ಯಕ್ಷ ಕೃಷ್ಣಾರೆಡ್ಡಿಯವರ ಕೈಗಿತ್ತು ಹೊರಟರು. ವಿಚಾರಣೆ ಇಲ್ಲ, ಪರಿಶೀಲನೆ ಇಲ್ಲ, ಕಾಯುವಿಕೆ ಇಲ್ಲ. ಎರಡು ದಿನಗಳ ನಂತರ ವಿಶ್ವೇಶ್ವರ ಹೆಗಡೆ ಕಾಗೇರಿ ಆ ಸ್ಥಾನಕ್ಕೆ ಬಂದರು. ರಮೇಶ್ ಕುಮಾರ್ ಹೋಗಲೇಬೇಕೆಂದು ಕಾನೂನಿನಲ್ಲಿ ಎಲ್ಲಿಯೂ ಇರಲಿಲ್ಲ. ಹೊಸ ಬಹುಮತ ತಮ್ಮನ್ನು ಇಳಿಸುವುದಕ್ಕೆ ಮೊದಲೇ ಇಳಿಯುವುದು ರಾಜಕೀಯ ವಿವೇಕ, ಅಷ್ಟೇ. ಸಾಮಾನ್ಯವಾಗಿ ನಡೆಯುವುದೂ ಹೀಗೆಯೇ.

ಲೋಕಸಭೆಯಲ್ಲಿ ರಾಜೀನಾಮೆಗಳ ಕಾರಣ ಬೇರೆ ಬಗೆಯವು. ನೀಲಂ ಸಂಜೀವ ರೆಡ್ಡಿ ಎರಡು ಸಲ ಸ್ಪೀಕರ್ ಆದರು, ಎರಡು ಸಲವೂ ರಾಷ್ಟ್ರಪತಿ ಚುನಾವಣೆಗಾಗಿ ಬಿಟ್ಟರು: 1969ರಲ್ಲಿ ಸೋತರು, 1977ರಲ್ಲಿ ಅವಿರೋಧವಾಗಿ ಗೆದ್ದರು. ಜಿ.ಎಸ್. ಧಿಲ್ಲೋನ್ 1975ರ ಡಿಸೆಂಬರ್‌ನಲ್ಲಿ ಸ್ಪೀಕರ್ ಸ್ಥಾನ ಬಿಟ್ಟು ಕೇಂದ್ರ ಸಚಿವರಾದರು. ಪೀಠದಿಂದ ಎದ್ದು ನೇರವಾಗಿ ಸಚಿವ ಸ್ಥಾನದಲ್ಲಿ ಕೂರುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ನಿನ್ನೆಯವರೆಗೆ ಎಲ್ಲರಿಗೂ ಸಮಾನ ಎನಿಸಿಕೊಂಡವರು ಇಂದು ಸರ್ಕಾರದ ಪರ ಉತ್ತರ ಹೇಳಲು ನಿಂತರೆ ಆ ಪೀಠದ ಮೇಲಿನ ನಂಬಿಕೆಗೆ ಪೆಟ್ಟು ಬೀಳುತ್ತದೆ ಎಂದು ನಾನು ನಂಬಿದ್ದೇನೆ.

ಈಗ ಸದಸ್ಯತ್ವದ ಮಾತು. ಸ್ಪೀಕರ್ ಮೊದಲು ಸಂಸದ ಅಥವಾ ಶಾಸಕ, ಆಮೇಲೆ ಸ್ಪೀಕರ್. ಚುನಾವಣೆ ಅಸಿಂಧುವಾದರೆ, ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾಗಿ ಅನರ್ಹತೆ ಬಂದರೆ, ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟರೆ, ಬುಡ ಕಡಿದ ಮೇಲೆ ಕೊಂಬೆ ನಿಲ್ಲದಂತೆ ಹುದ್ದೆಯೂ ಹೋಗುತ್ತದೆ. ಪಕ್ಷ ಉಚ್ಚಾಟಿಸಿದರೆ? ಹೋಗುವುದಿಲ್ಲ. ಉಚ್ಚಾಟನೆಯಿಂದ ಪಕ್ಷದ ಪ್ರಾಥಮಿಕ ಸದಸ್ಯತ್ವ ಹೋಗಬಹುದು, ಸದನದ ಸದಸ್ಯತ್ವ ಹೋಗದು.

ಇದಕ್ಕೆ ಸೋಮನಾಥ ಚಟರ್ಜಿಯವರಿಗಿಂತ ಒಳ್ಳೆಯ ನಿದರ್ಶನ ಸಿಗದು. 2008ರಲ್ಲಿ ಅಮೆರಿಕದೊಂದಿಗಿನ ಅಣು ಒಪ್ಪಂದವನ್ನು ವಿರೋಧಿಸಿ ಎಡಪಕ್ಷಗಳು ಮನಮೋಹನ್ ಸಿಂಗ್ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲ ಹಿಂತೆಗೆದುಕೊಂಡವು. ಚಟರ್ಜಿ ಸ್ಪೀಕರ್ ಸ್ಥಾನ ಬಿಡಬೇಕೆಂದು ಅವರ ಪಕ್ಷ ಸಿಪಿಎಂ ಬಯಸಿತು. ಅವರು ಒಪ್ಪಲಿಲ್ಲ. ಜುಲೈ 22ರಂದು ವಿಶ್ವಾಸಮತದ ಕಲಾಪವನ್ನು ಪೀಠದಲ್ಲಿ ಕುಳಿತೇ ನಡೆಸಿದರು. ಮರುದಿನ ಪಕ್ಷ ಅವರನ್ನು ಉಚ್ಚಾಟಿಸಿತು. ಆದರೂ 2009ರ ಚುನಾವಣೆಯವರೆಗೆ ಅವರೇ ಸ್ಪೀಕರ್. ದಶಕಗಳ ಪಕ್ಷನಿಷ್ಠೆಯ ಬದುಕು ಒಂದು ದಿನದಲ್ಲಿ ಮುಗಿಯಿತು, ಹುದ್ದೆ ಮಾತ್ರ ಕದಲಲಿಲ್ಲ. ಅವರು ಮಾಡಿದ್ದು ರಾಜಕೀಯವಾಗಿ ಸರಿಯೇ ಎಂಬ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಸಂವಿಧಾನದ ಕಣ್ಣಿನಲ್ಲಿ ಅವರು ನಿಂತ ನೆಲ ಗಟ್ಟಿಯಾಗಿತ್ತು. ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಕೂಡ ಪೀಠಾಧಿಕಾರಿಗಳಿಗೆ ಒಂದು ವಿಶೇಷ ರಕ್ಷಣೆ ಕೊಟ್ಟಿದೆ: ಆಯ್ಕೆಯಾದ ಕಾರಣಕ್ಕೆ ಸ್ಪೀಕರ್ ತಾವಾಗಿ ಪಕ್ಷ ತೊರೆದರೆ ಅದು ಪಕ್ಷಾಂತರವಲ್ಲ. ಪೀಠ ಬಿಟ್ಟ ಮೇಲೆ ಮತ್ತೆ ಪಕ್ಷಕ್ಕೆ ಮರಳಿದರೂ ತೊಂದರೆಯಿಲ್ಲ. ಬಾಗಿಲು ತೆರೆದೇ ಇದೆ, ಹೊಸ್ತಿಲು ದಾಟಿದವರು ವಿರಳ. 1967ರಲ್ಲಿ, ಈ ಅನುಸೂಚಿ ಹುಟ್ಟುವುದಕ್ಕೆ ಎಷ್ಟೋ ಮೊದಲೇ, ಸಂಜೀವ ರೆಡ್ಡಿ ಸ್ಪೀಕರ್ ಆದ ಕೂಡಲೇ ಕಾಂಗ್ರೆಸ್‌ಗೆ ರಾಜೀನಾಮೆ ಕೊಟ್ಟಿದ್ದರು.

ಸದನ ವಿಸರ್ಜನೆಯಾದರೆ ಎಲ್ಲರ ಸದಸ್ಯತ್ವವೂ ಹೋಗುತ್ತದೆ. ಹಾಗಿದ್ದರೆ ಸ್ಪೀಕರ್ ಕೂಡ ಹೋಗಬೇಕಲ್ಲ ಎಂಬ ನಿಮ್ಮ ಅನುಮಾನ ತರ್ಕಬದ್ಧವಾದದ್ದೇ. ಇಲ್ಲಿ ಸಂವಿಧಾನ ಒಂದು ವಿನಾಯಿತಿ ಇಟ್ಟಿದೆ. ವಿಸರ್ಜನೆಯ ನಂತರ ಹೊಸ ಸದನದ ಮೊದಲ ಸಭೆ ಸೇರುವ ತುಸು ಮುಂಚಿನವರೆಗೆ ಸ್ಪೀಕರ್ ಹುದ್ದೆಯಲ್ಲಿರುತ್ತಾರೆ. ಕನ್ನಡಿಗರಿಗೆ ಹತ್ತಿರದ ಉದಾಹರಣೆ ಕೆ.ಎಸ್. ಹೆಗ್ಡೆಯವರದು. ಹಿರಿತನವನ್ನು ಕಡೆಗಣಿಸಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ದಕ್ಕೆ 1973ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸ್ಥಾನ ಬಿಟ್ಟು ಬಂದವರು, 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು, ಅದೇ ಜುಲೈನಲ್ಲಿ ಲೋಕಸಭೆಯ ಸ್ಪೀಕರ್ ಆದರು. 1979ರ ಆಗಸ್ಟ್ 22ರಂದು ಲೋಕಸಭೆ ವಿಸರ್ಜನೆಯಾಯಿತು. ಹೆಗ್ಡೆಯವರು 1980ರ ಜನವರಿಯವರೆಗೆ ಸ್ಪೀಕರ್ ಆಗಿಯೇ ಇದ್ದರು. ಆ ಐದು ತಿಂಗಳು ಸದನವಿಲ್ಲ, ಸದಸ್ಯರಿಲ್ಲ, ಸ್ಪೀಕರ್ ಮಾತ್ರ ಇದ್ದಾರೆ. ಸಂಸತ್ತೆಂಬ ಸಂಸ್ಥೆ ಚುನಾವಣೆಯ ನಡುವೆ ಯಜಮಾನರಿಲ್ಲದ ಮನೆಯಾಗಬಾರದು, ಅದರ ಸಚಿವಾಲಯ ಸರ್ಕಾರದ ಕೈಕೆಳಗೆ ಹೋಗಬಾರದು ಎಂಬ ಎಚ್ಚರ ಇಲ್ಲಿ ಕಾಣುತ್ತದೆ. ಈ ವಿನಾಯಿತಿ ಡೆಪ್ಯುಟಿ ಸ್ಪೀಕರ್‌ಗೆ ಇಲ್ಲ. ವಿಸರ್ಜನೆಯ ಕ್ಷಣಕ್ಕೇ ಅವರ ಹುದ್ದೆ ಮುಗಿಯುತ್ತದೆ. ಹೊಸ ಸದನ ಸೇರುವಾಗ ರಾಷ್ಟ್ರಪತಿ ಅಥವಾ ರಾಜ್ಯಪಾಲರು ಹಂಗಾಮಿ ಸ್ಪೀಕರ್ ನೇಮಿಸುವುದೂ ಇದೇ ಕಾರಣಕ್ಕೆ: ಹಳೆಯವರು ಆಗ ತಾನೇ ಹೋಗಿದ್ದಾರೆ, ಹೊಸಬರು ಇನ್ನೂ ಆಯ್ಕೆಯಾಗಿಲ್ಲ. 2023ರ ಮೇ ತಿಂಗಳಲ್ಲಿ ಯು.ಟಿ. ಖಾದರ್ ಆಯ್ಕೆಯಾಗುವವರೆಗೆ ಆರ್.ವಿ. ದೇಶಪಾಂಡೆ ಕುಳಿತಿದ್ದು ಈ ಸ್ಥಾನದಲ್ಲಿ.

ಇನ್ನು ಇಳಿಸುವ ವಿಚಾರ. ಪತ್ರಿಕೆಗಳು ‘ಸ್ಪೀಕರ್ ವಿರುದ್ಧ ಅವಿಶ್ವಾಸ’ ಎಂದು ಬರೆಯುತ್ತವೆ. ಅವಿಶ್ವಾಸ ನಿರ್ಣಯ ಸಚಿವ ಸಂಪುಟದ ವಿರುದ್ಧ. ಅದಕ್ಕೆ ಹಾಜರಿದ್ದು ಮತ ಹಾಕಿದವರಲ್ಲಿ ಹೆಚ್ಚಿನವರು ಒಪ್ಪಿದರೆ ಸಾಕು. ಸ್ಪೀಕರ್ ವಿರುದ್ಧ ಬರುವುದು ಪದಚ್ಯುತಿ ನಿರ್ಣಯ, ಅದರ ಲೆಕ್ಕವೇ ಬೇರೆ. ‘ಆಗ ಇರುವ ಎಲ್ಲ ಸದಸ್ಯರ ಬಹುಮತ’ ಬೇಕು. ಪಠ್ಯಪುಸ್ತಕಗಳು ಇದನ್ನು ಪರಿಣಾಮಕಾರಿ ಬಹುಮತ ಎನ್ನುತ್ತವೆ. 543 ಸ್ಥಾನಗಳ ಲೋಕಸಭೆಯಲ್ಲಿ ಮೂರು ಖಾಲಿ ಇವೆಯೆಂದು ಇಟ್ಟುಕೊಳ್ಳಿ. ಇರುವ ಸದಸ್ಯರು 540, ಬೇಕಾದ ಮತ 271. ಆ ದಿನ 400 ಮಂದಿ ಮಾತ್ರ ಬಂದು, 210 ಮಂದಿ ಇಳಿಸಿ ಎಂದರೂ ಸ್ಪೀಕರ್ ಇಳಿಯುವುದಿಲ್ಲ. ಗೈರುಹಾಜರಾದವರು, ಮತ ಹಾಕದೆ ಕುಳಿತವರು ಎಲ್ಲರೂ ಸ್ಪೀಕರ್ ಪರವಾಗಿಯೇ ಎಣಿಕೆಯಾದಂತೆ. ಸರ್ಕಾರವನ್ನು ಬೀಳಿಸುವುದಕ್ಕಿಂತ ಸ್ಪೀಕರ್ ಅವರನ್ನು ಇಳಿಸುವುದು ಕಷ್ಟವಾಗಿರಲಿ ಎಂದೇ ಹೀಗೆ ಮಾಡಲಾಗಿದೆ.

ಎರಡನೆಯ ರಕ್ಷಣೆ ಸಮಯ. ಇಂಥ ನಿರ್ಣಯ ತರುವ ಉದ್ದೇಶವಿದೆಯೆಂದು ಕನಿಷ್ಠ 14 ದಿನ ಮೊದಲು ನೋಟಿಸ್ ಕೊಡಬೇಕು. ಲೋಕಸಭೆಯ ನಿಯಮಾವಳಿ ಇದಕ್ಕೆ ಇನ್ನಷ್ಟು ಕಟ್ಟುಪಾಡು ಸೇರಿಸಿದೆ. ಆರೋಪ ನಿರ್ದಿಷ್ಟವಾಗಿರಬೇಕು, ಅದರಲ್ಲಿ ವಾದ, ಕೊಂಕು, ನಿಂದೆ ಇರಕೂಡದು. ಹದಿನಾಲ್ಕು ದಿನ ಕಳೆದು ವಿಷಯ ಕಾರ್ಯಕಲಾಪ ಪಟ್ಟಿಗೆ ಬಂದ ದಿನ, ನಿರ್ಣಯ ಮಂಡಿಸಲು ಸದನದ ಅನುಮತಿ ಕೇಳಬೇಕು. ಕನಿಷ್ಠ 50 ಸದಸ್ಯರು ತಮ್ಮ ಸ್ಥಾನಗಳಲ್ಲಿ ಎದ್ದು ನಿಲ್ಲಬೇಕು. ನಿಲ್ಲದಿದ್ದರೆ ಅಲ್ಲಿಗೇ ಮುಗಿಯಿತು. 1966ರ ನವೆಂಬರ್‌ನಲ್ಲಿ ಸ್ಪೀಕರ್ ಹುಕುಂ ಸಿಂಗ್ ವಿರುದ್ಧ ಮಧು ಲಿಮಯೆ ತಂದ ನಿರ್ಣಯ ಬಿದ್ದಿದ್ದು ಇಲ್ಲಿಯೇ. ಎದ್ದು ನಿಂತವರು 50 ಆಗಲಿಲ್ಲ, ಚರ್ಚೆಯೇ ನಡೆಯಲಿಲ್ಲ. (ಆಗ ಡೆಪ್ಯುಟಿ ಸ್ಪೀಕರ್ ಆಗಿದ್ದವರು ನಮ್ಮವರೇ ಆದ ಎಸ್.ವಿ. ಕೃಷ್ಣಮೂರ್ತಿ ರಾವ್.) ಅದಕ್ಕೆ ಮೊದಲು, 1954ರ ಡಿಸೆಂಬರ್ 18ರಂದು, ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ವಿರುದ್ಧದ ನಿರ್ಣಯ ಚರ್ಚೆಗೆ ಬಂದು ಸೋತಿತ್ತು. 1987ರ ಏಪ್ರಿಲ್ 15ರಂದು ಬಲರಾಂ ಜಾಖಡ್ ವಿರುದ್ಧದ್ದೂ ಸೋತಿತು. ಅದನ್ನು ಮಂಡಿಸಿದವರು ಸೋಮನಾಥ ಚಟರ್ಜಿ. ಮುಂದೆ ಅದೇ ಪೀಠದಲ್ಲಿ ಕುಳಿತು ತಮ್ಮ ಪಕ್ಷದ ಎದುರೇ ನಿಲ್ಲುವ ದಿನ ಬರುತ್ತದೆಂದು ಅವರು ಆಗ ಎಣಿಸಿರಲಾರರು. ಲೋಕಸಭೆಯ ಯಾವ ಸ್ಪೀಕರ್ ಕೂಡ ಈ ದಾರಿಯಲ್ಲಿ ಪದಚ್ಯುತರಾಗಿಲ್ಲ.

ನಿರ್ಣಯ ಚರ್ಚೆಗೆ ಬಂದ ದಿನ ಸದನದ ನೋಟವೇ ಬದಲಾಗುತ್ತದೆ. 96ನೇ ವಿಧಿಯ ಪ್ರಕಾರ ಸ್ಪೀಕರ್ ಪೀಠದಲ್ಲಿ ಕೂರುವಂತಿಲ್ಲ. ಪೀಠದಲ್ಲಿ ಡೆಪ್ಯುಟಿ ಸ್ಪೀಕರ್ ಇರುತ್ತಾರೆ. ಸ್ಪೀಕರ್ ಕೆಳಗೆ ಬಂದು ಸದಸ್ಯರ ನಡುವೆ ಕೂರಬಹುದು, ಮಾತನಾಡಬಹುದು, ತಮ್ಮ ಸಮರ್ಥನೆ ಹೇಳಬಹುದು. ಮತವನ್ನೂ ಹಾಕಬಹುದು! ಬೇರೆ ದಿನಗಳಲ್ಲಿ ಸ್ಪೀಕರ್ ಮೊದಲ ಸುತ್ತಿನಲ್ಲಿ ಮತ ಹಾಕುವುದಿಲ್ಲ, ಮತಗಳು ಸಮಬಲವಾದರೆ ಮಾತ್ರ ನಿರ್ಣಾಯಕ ಮತ ಚಲಾಯಿಸುತ್ತಾರೆ. ತಮ್ಮ ಪದಚ್ಯುತಿಯ ದಿನ ಇದು ತಲೆಕೆಳಗು: ಮೊದಲ ಸುತ್ತಿನ ಮತ ಉಂಟು, ನಿರ್ಣಾಯಕ ಮತ ಇಲ್ಲ. ಆ ದಿನ ಅವರು ಎಲ್ಲರಂತೆ ಒಬ್ಬ ಸದಸ್ಯರು ಎಂಬ ಭಾವನೆಯನ್ನು ಇದಕ್ಕಿಂತ ಚೊಕ್ಕವಾಗಿ ಬರೆಯುವುದು ಕಷ್ಟ.

ರಾಜ್ಯಗಳಲ್ಲಿ ಮಾತ್ರ ಸ್ಪೀಕರ್‌ಗಳು ನಿಜವಾಗಿಯೂ ಇಳಿದಿದ್ದಾರೆ. 2024ರ ಫೆಬ್ರುವರಿ 12ರ ಬಿಹಾರ ವಿಧಾನಸಭೆಯನ್ನು ನೆನೆಯಿರಿ. ನಿತೀಶ್ ಕುಮಾರ್ ಮೈತ್ರಿ ಬದಲಿಸಿ ಹೊಸ ಸರ್ಕಾರ ಮಾಡಿದ್ದರು. ಸ್ಪೀಕರ್ ಅವಧ್ ಬಿಹಾರಿ ಚೌಧರಿ ಹಳೆಯ ಮೈತ್ರಿಯ ಆರ್‌ಜೆಡಿಯವರು. ಅವರು ರಾಜೀನಾಮೆ ಕೊಡಲಿಲ್ಲ, ನೋಟಿಸ್ ಅವಧಿ ಮುಗಿಯುವುದನ್ನು ಕಾಯ್ದರು. ಆ ದಿನ ವಿಶ್ವಾಸಮತಕ್ಕೆ ಮೊದಲು ಅವರ ಪದಚ್ಯುತಿಯನ್ನೇ ಕೈಗೆತ್ತಿಕೊಳ್ಳಲಾಯಿತು. ಡೆಪ್ಯುಟಿ ಸ್ಪೀಕರ್ ಮಹೇಶ್ವರ್ ಹಜಾರಿ ಪೀಠಕ್ಕೆ ಬಂದರು. ತಲೆ ಎಣಿಸಿದಾಗ ಪರ 125, ವಿರುದ್ಧ 112. 243 ಸ್ಥಾನಗಳ ಸದನದಲ್ಲಿ ಗೆರೆ 122. ಕೇವಲ ಮೂರು ಮತ ಹೆಚ್ಚು. 121 ಬಂದಿದ್ದರೆ, ವಿರುದ್ಧ ಬಿದ್ದದ್ದಕ್ಕಿಂತ ಅದು ಒಂಬತ್ತು ಹೆಚ್ಚಾಗಿದ್ದರೂ, ಚೌಧರಿ ಪೀಠಕ್ಕೆ ಮರಳುತ್ತಿದ್ದರು.

‘ಆಗ ಇರುವ ಎಲ್ಲ ಸದಸ್ಯರು’ ಎಂಬ ಮಾತಿನೊಳಗೆ ಒಂದು ಅಪಾಯವೂ ಅಡಗಿದೆ. ಆಗ ಎಷ್ಟು ಸದಸ್ಯರು ಇರುತ್ತಾರೆ ಎಂಬುದನ್ನು ಕೆಲವೊಮ್ಮೆ ನಿರ್ಧರಿಸುವವರು ಸ್ಪೀಕರ್ ಅವರೇ, ಏಕೆಂದರೆ ಪಕ್ಷಾಂತರದ ದೂರು ವಿಚಾರಿಸಿ ಅನರ್ಹಗೊಳಿಸುವ ಅಧಿಕಾರ ಅವರದು. ನಮ್ಮ ವಿಧಾನಸಭೆಯ 224 ಸ್ಥಾನಗಳಿಗೆ ಬಹುಮತ 113. ಹದಿನೇಳು ಮಂದಿ ಅನರ್ಹರಾದರೆ ಉಳಿಯುವುದು 207, ಬಹುಮತ 104. ತಮ್ಮನ್ನು ಇಳಿಸಲು ಹೊರಟವರನ್ನೇ ಮೊದಲು ಅನರ್ಹಗೊಳಿಸಿದರೆ? ಅರುಣಾಚಲ ಪ್ರದೇಶದ ಸ್ಪೀಕರ್ ನಬಮ್ ರೆಬಿಯಾ ಪ್ರಕರಣದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. 2016ರ ಜುಲೈ 13ರ ತೀರ್ಪು ಹೇಳಿದ್ದು: ತಮ್ಮ ಪದಚ್ಯುತಿಯ ನೋಟಿಸ್ ಬಾಕಿಯಿರುವಾಗ ಸ್ಪೀಕರ್ ಅನರ್ಹತೆಯ ಅರ್ಜಿಗಳನ್ನು ತೀರ್ಮಾನಿಸಬಾರದು.

ಕೇಳಲು ನ್ಯಾಯವಾಗಿಯೇ ಇದೆ. ಆದರೆ ಈ ಕತ್ತಿಗೆ ಎರಡೂ ಕಡೆ ಮೊನೆ. ಪಕ್ಷಾಂತರ ಮಾಡುವವರು ಮೊದಲು ಒಂದು ಹಾಳೆಯಲ್ಲಿ ಪದಚ್ಯುತಿಯ ನೋಟಿಸ್ ಬರೆದು ಕೊಟ್ಟುಬಿಟ್ಟರೆ ಸ್ಪೀಕರ್ ಕೈ ಕಟ್ಟಿಹಾಕಿದಂತಾಗುತ್ತದೆ. ಮಹಾರಾಷ್ಟ್ರದಲ್ಲಿ ಆದದ್ದನ್ನು ಕ್ರಮವಾಗಿ ನೋಡಿ. 2021ರ ಫೆಬ್ರುವರಿಯಲ್ಲಿ ಸ್ಪೀಕರ್ ನಾನಾ ಪಟೋಲೆ ರಾಜೀನಾಮೆ ಕೊಟ್ಟರು. ಆ ಸ್ಥಾನಕ್ಕೆ ಹದಿನೇಳು ತಿಂಗಳು ಯಾರನ್ನೂ ಆರಿಸಲಿಲ್ಲ. ಡೆಪ್ಯುಟಿ ಸ್ಪೀಕರ್ ನರಹರಿ ಜಿರ್ವಾಳ್ ಕೆಲಸ ನೋಡಿಕೊಂಡರು. 2022ರ ಜೂನ್‌ನಲ್ಲಿ ಶಿವಸೇನೆ ಒಡೆದಾಗ ಏಕನಾಥ ಶಿಂದೆ ಬಣದ ಕಡೆಯಿಂದ ಜಿರ್ವಾಳ್ ಪದಚ್ಯುತಿಗೆ ನೋಟಿಸ್ ಬಂತು, ಜಿರ್ವಾಳ್ ಕಡೆಯಿಂದ ಆ ಬಣದ ಶಾಸಕರಿಗೆ ಅನರ್ಹತೆಯ ನೋಟಿಸ್ ಹೋಯಿತು. ಎರಡೂ ನೋಟಿಸ್‌ಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. ಅಷ್ಟರಲ್ಲಿ ಸರ್ಕಾರ ಬಿತ್ತು, ಜುಲೈ 3ರಂದು ರಾಹುಲ್ ನಾರ್ವೇಕರ್ ಸ್ಪೀಕರ್ ಆದರು. 2023ರ ಮೇ 11ರಂದು ಸಾಂವಿಧಾನಿಕ ಪೀಠ, ರೆಬಿಯಾ ತೀರ್ಪು ಸರಿಯೇ ಎಂಬುದನ್ನು ಏಳು ನ್ಯಾಯಮೂರ್ತಿಗಳು ಪರಿಶೀಲಿಸಲಿ ಎಂದು ಒಪ್ಪಿಸಿತು. ನನ್ನ ಅಭಿಪ್ರಾಯ ಕೇಳುವುದಾದರೆ, ಬರಿಯ ನೋಟಿಸ್‌ಗೆ ಇಷ್ಟು ಬಲ ಕೊಡಬಾರದು. ಸದನ ನಿರ್ಣಯವನ್ನು ಮಂಡಿಸಲು ಅನುಮತಿ ಕೊಟ್ಟ ಮೇಲೆ, ಅಂದರೆ ಒಂದಷ್ಟು ಸದಸ್ಯರು ನಿಜವಾಗಿ ಎದ್ದು ನಿಂತ ಮೇಲೆ, ಸ್ಪೀಕರ್ ಕೈ ಕಟ್ಟಿದರೆ ಸಾಕು.

ನೋಟಿಸ್ ಕೊಟ್ಟ ಮಾತ್ರಕ್ಕೆ ಪೀಠ ಬಿಡಬೇಕೇ ಎಂಬ ಗೊಂದಲ ನಮ್ಮ ವಿಧಾನ ಪರಿಷತ್ತನ್ನೂ ಕಾಡಿದೆ. ಸಂವಿಧಾನದ ಮಾತು ಸ್ಪಷ್ಟ: ನಿರ್ಣಯ ‘ಪರಿಶೀಲನೆಯಲ್ಲಿರುವಾಗ’ ಪೀಠದಲ್ಲಿ ಕೂರಬಾರದು. ಅಂದರೆ ಅದನ್ನು ಸದನ ಕೈಗೆತ್ತಿಕೊಂಡ ಹೊತ್ತಿನಲ್ಲಿ. ಉಳಿದ ದಿನಗಳಲ್ಲಿ ಪೀಠ ಸಭಾಪತಿಯದೇ. 2020ರ ಡಿಸೆಂಬರ್ 15ರಂದು, ಸಭಾಪತಿ ಕೆ. ಪ್ರತಾಪಚಂದ್ರ ಶೆಟ್ಟಿ ಅವರ ವಿರುದ್ಧ ನೋಟಿಸ್ ಬಂದಿದ್ದ ಹೊತ್ತಿನಲ್ಲಿ, ಉಪ ಸಭಾಪತಿ ಎಸ್.ಎಲ್. ಧರ್ಮೇಗೌಡರು ಪೀಠದಲ್ಲಿ ಕುಳಿತರು. ಸದಸ್ಯರು ಅವರನ್ನು ಎಳೆದು ಕೆಳಗಿಳಿಸಿದರು. ಆ ದೃಶ್ಯವನ್ನು ಟಿ.ವಿ.ಯಲ್ಲಿ ಕಂಡಾಗ ಆದ ನೋವು ಇಂದಿಗೂ ಹೋಗಿಲ್ಲ. ಒಂದು ಪದದ ಅರ್ಥವನ್ನು ಮೊದಲೇ ಕೂತು ಇತ್ಯರ್ಥ ಮಾಡಿಕೊಂಡಿದ್ದರೆ ಹಿರಿಯರ ಮನೆ ಎನಿಸಿಕೊಂಡ ಸದನದಲ್ಲಿ ಕೈ ಕೈ ಮಿಲಾಯಿಸುವ ಸ್ಥಿತಿ ಬರುತ್ತಿರಲಿಲ್ಲ. 2021ರ ಫೆಬ್ರುವರಿಯಲ್ಲಿ ಶೆಟ್ಟರು ರಾಜೀನಾಮೆ ಕೊಟ್ಟರು, ಬಸವರಾಜ ಹೊರಟ್ಟಿ ಸಭಾಪತಿಯಾದರು. ಅದಕ್ಕೂ ಹಿಂದೆ, 2017ರ ಜೂನ್‌ನಲ್ಲಿ, ಡಿ.ಎಚ್. ಶಂಕರಮೂರ್ತಿಯವರ ವಿರುದ್ಧ ಬಂದ ನಿರ್ಣಯ ಒಂದೇ ಮತದ ಅಂತರದಲ್ಲಿ ಸೋತಿತ್ತು. ಆಗ ಎಲ್ಲರೂ ಆ ಒಂದು ಮತದ ಬಗ್ಗೆಯೇ ಮಾತನಾಡಿದರು. 75 ಸದಸ್ಯರ ಪರಿಷತ್ತು ಭರ್ತಿಯಾಗಿದ್ದರೆ ಇಳಿಸಲು 38 ಬೇಕೆಂಬುದು ಮಾತಿನ ನಡುವೆ ಮರೆತೇಹೋಯಿತು.

ಪರಿಷತ್ತಿನ ನಿಯಮಗಳು 183ರಿಂದ 185ನೇ ವಿಧಿಗಳಲ್ಲಿವೆ, ವಿಧಾನಸಭೆಯದ್ದರಂತೆಯೇ. ಒಂದೇ ವ್ಯತ್ಯಾಸ: ಪರಿಷತ್ತು ವಿಸರ್ಜನೆಯಾಗದ ಸದನ, ಆದ್ದರಿಂದ ವಿಸರ್ಜನೆಯ ನಂತರ ಮುಂದುವರಿಯುವ ವಿನಾಯಿತಿ ಅಲ್ಲಿಲ್ಲ. ಸಭಾಪತಿಯ ಆರು ವರ್ಷದ ಸದಸ್ಯತ್ವ ಮುಗಿದ ದಿನ ಹುದ್ದೆಯೂ ಮುಗಿಯುತ್ತದೆ. 2018ರ ಜೂನ್‌ನಲ್ಲಿ ಶಂಕರಮೂರ್ತಿಯವರ ಅವಧಿ ಮುಗಿದ ಮೇಲೆ ಡಿಸೆಂಬರ್‌ವರೆಗೆ ಹೊರಟ್ಟಿಯವರು ಹಂಗಾಮಿ ಸಭಾಪತಿಯಾಗಿದ್ದುದು ಅದಕ್ಕೇ.

ರಾಜ್ಯಸಭೆಯ ಸಭಾಪತಿಯ ಕಥೆ ಪೂರಾ ಬೇರೆ. ಅವರು ಆ ಸದನದ ಸದಸ್ಯರಲ್ಲ, ಆ ಸದನ ಆರಿಸಿದವರೂ ಅಲ್ಲ. ಉಪರಾಷ್ಟ್ರಪತಿಯಾದ್ದರಿಂದ ಪದನಿಮಿತ್ತ ಸಭಾಪತಿ. ಸಭಾಪತಿ ಸ್ಥಾನವನ್ನಷ್ಟೇ ಬಿಡುವುದಕ್ಕೆ ಬರುವುದಿಲ್ಲ; ಹೋಗುವುದಾದರೆ ಉಪರಾಷ್ಟ್ರಪತಿ ಸ್ಥಾನದಿಂದಲೇ ಹೋಗಬೇಕು, ರಾಜೀನಾಮೆ ರಾಷ್ಟ್ರಪತಿಗೆ ಕೊಡಬೇಕು. 2025ರ ಜುಲೈ 21ರಂದು, ಮಳೆಗಾಲದ ಅಧಿವೇಶನದ ಮೊದಲ ದಿನವೇ, ಜಗದೀಪ್ ಧನಕರ್ ಆರೋಗ್ಯದ ಕಾರಣ ಹೇಳಿ ಹಾಗೆ ಹೋದರು. ಸೆಪ್ಟೆಂಬರ್ 12ರಂದು ಸಿ.ಪಿ. ರಾಧಾಕೃಷ್ಣನ್ ಪ್ರಮಾಣವಚನ ತೆಗೆದುಕೊಳ್ಳುವವರೆಗೆ ಉಪ ಸಭಾಪತಿ ಹರಿವಂಶ್ ಪೀಠದ ಹೊಣೆ ಹೊತ್ತರು. ಉಪರಾಷ್ಟ್ರಪತಿಯನ್ನು ಇಳಿಸಬೇಕಾದರೆ 67ನೇ ವಿಧಿಯಂತೆ ರಾಜ್ಯಸಭೆಯ ಆಗ ಇರುವ ಎಲ್ಲ ಸದಸ್ಯರ ಬಹುಮತ ಬೇಕು, ಲೋಕಸಭೆಯೂ ಒಪ್ಪಬೇಕು, 14 ದಿನದ ನೋಟಿಸ್ ಇಲ್ಲಿಯೂ ಬೇಕು. ಚರ್ಚೆಯಲ್ಲಿ ಅವರು ಮಾತನಾಡಬಹುದು. ಸದಸ್ಯರಲ್ಲದ ಕಾರಣ ಮತ ಹಾಕುವಂತಿಲ್ಲ. 2024ರ ಡಿಸೆಂಬರ್ 10ರಂದು ಧನಕರ್ ವಿರುದ್ಧ 60 ಸಂಸದರು ನೋಟಿಸ್ ಕೊಟ್ಟಿದ್ದರು. ಅಧಿವೇಶನ ಮುಗಿಯುವುದು 20ಕ್ಕೆ. ಹದಿನಾಲ್ಕು ದಿನ ತುಂಬುವುದೇ 24ಕ್ಕೆ. 19ರಂದು ಹರಿವಂಶ್ ಅದನ್ನು ತಿರಸ್ಕರಿಸಿದರು. 2020ರ ಸೆಪ್ಟೆಂಬರ್‌ನಲ್ಲಿ ಸ್ವತಃ ಹರಿವಂಶ್ ವಿರುದ್ಧ ಬಂದ ನೋಟಿಸನ್ನು ಸಭಾಪತಿ ವೆಂಕಯ್ಯ ನಾಯ್ಡು ತಿರಸ್ಕರಿಸಿದಾಗಲೂ 14 ದಿನದ ಕೊರತೆ ಒಂದು ಕಾರಣವಾಗಿತ್ತು. ಕೆಲವು ಅಧಿವೇಶನಗಳು ಮೂರು ವಾರಕ್ಕೆ ಇಳಿದಿರುವ ಈ ಕಾಲದಲ್ಲಿ, ಅಧಿವೇಶನ ಶುರುವಾದ ಮೇಲೆ ಹುಟ್ಟಿದ ದೂರಿಗೆ ಅದೇ ಅಧಿವೇಶನದಲ್ಲಿ ಪರಿಹಾರ ಸಿಗುವುದು ಹೆಚ್ಚುಕಡಿಮೆ ಅಸಾಧ್ಯ. 14 ದಿನವನ್ನು ಕಡಿಮೆ ಮಾಡಿ ಎಂದು ನಾನು ಹೇಳುವುದಿಲ್ಲ. ಸದನ ಹೆಚ್ಚು ದಿನ ಸೇರಲಿ ಎನ್ನುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ ಮತ್ತೆ ಆ ಹಾಳೆಗೆ ಬರಬೇಕು. ರಾಜೀನಾಮೆ ಡೆಪ್ಯುಟಿ ಸ್ಪೀಕರ್‌ಗೆ, ಪದಚ್ಯುತಿಯ ದಿನ ಪೀಠದಲ್ಲಿ ಡೆಪ್ಯುಟಿ ಸ್ಪೀಕರ್, ಸ್ಪೀಕರ್ ತೀರಿಕೊಂಡರೆ ಹೊಣೆ ಹೊರುವುದು ಡೆಪ್ಯುಟಿ ಸ್ಪೀಕರ್. 2002ರ ಮಾರ್ಚ್ 3ರಂದು ಸ್ಪೀಕರ್ ಜಿ.ಎಂ.ಸಿ. ಬಾಲಯೋಗಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡಾಗ, ಮೇ ತಿಂಗಳಲ್ಲಿ ಮನೋಹರ ಜೋಶಿ ಆಯ್ಕೆಯಾಗುವವರೆಗೆ ಪಿ.ಎಂ. ಸಯೀದ್ ಸದನ ನಡೆಸಿದರು. ಬಜೆಟ್ ಅಧಿವೇಶನದ ನಡುವೆ ಒಂದು ದಿನವೂ ಪೀಠ ಅನಾಥವಾಗಲಿಲ್ಲ. ಇಂಥ ಹುದ್ದೆಯನ್ನು 2019ರಿಂದ 2024ರವರೆಗಿನ ಹದಿನೇಳನೇ ಲೋಕಸಭೆ ಇಡೀ ಅವಧಿ ಖಾಲಿ ಬಿಟ್ಟಿತು. 93ನೇ ವಿಧಿ ಇಬ್ಬರನ್ನೂ ‘ಆದಷ್ಟು ಬೇಗ’ ಆರಿಸಬೇಕೆನ್ನುತ್ತದೆ, ದಿನದ ಗಡುವು ಹಾಕಿಲ್ಲ. ಆ ಸಡಿಲಿಕೆಯನ್ನು ಐದು ವರ್ಷದ ಮಟ್ಟಕ್ಕೆ ಎಳೆಯುತ್ತಾರೆಂದು ಸಂವಿಧಾನ ಬರೆದವರು ಊಹಿಸಿರಲಿಲ್ಲ. ಇಬ್ಬರೂ ಇಲ್ಲದಿದ್ದರೆ ರಾಷ್ಟ್ರಪತಿ ಒಬ್ಬ ಸದಸ್ಯರನ್ನು ನೇಮಿಸಬಹುದು ಎಂದು 95ನೇ ವಿಧಿ ಹೇಳುತ್ತದೆ. ಆದರೆ ಡೆಪ್ಯುಟಿ ಸ್ಪೀಕರ್ ಇಲ್ಲದಾಗ ಸ್ಪೀಕರ್ ರಾಜೀನಾಮೆ ಬರೆದರೆ ಅದನ್ನು ಯಾರಿಗೆ ಕೊಡಬೇಕು ಎಂಬುದಕ್ಕೆ ಸಂವಿಧಾನದಲ್ಲಿ ಉತ್ತರವಿಲ್ಲ. ಅಂಬೇಡ್ಕರ್ ಹೇಳಿದ ಕಾರಣವನ್ನು ಹಿಡಿದು ಹೋದರೆ, ಸದನದಲ್ಲೇ ಎದ್ದು ನಿಂತು ಪತ್ರ ಓದಿ ಸದನಕ್ಕೇ ಒಪ್ಪಿಸುವುದು ಸರಿಯಾದ ದಾರಿ ಎಂದು ನನಗನ್ನಿಸುತ್ತದೆ. ಸದನ ಸೇರಿರದಿದ್ದರೆ ಆ ದಾರಿಯೂ ಇಲ್ಲ. ನಿಯಮಾವಳಿಗೆ ಒಂದು ಸಾಲು ಸೇರಿಸಿದರೆ ಸಾಕು: ಸ್ಪೀಕರ್ ಆಯ್ಕೆಯಾದ ಇಷ್ಟು ದಿನಗಳೊಳಗೆ ಡೆಪ್ಯುಟಿ ಸ್ಪೀಕರ್ ಆಯ್ಕೆ ನಡೆಯಬೇಕು. ಸಂವಿಧಾನ ತಿದ್ದುವ ಅಗತ್ಯವೂ ಇಲ್ಲ, 118ನೇ ವಿಧಿಯಡಿ ಸದನ ತಾನೇ ಮಾಡಿಕೊಳ್ಳಬಹುದಾದ ನಿಯಮ ಅದು. ನಿಮ್ಮ ಸಂಸದರು ಎದುರಾದಾಗ ಈ ಒಂದು ಪ್ರಶ್ನೆಯನ್ನು ದಯವಿಟ್ಟು ಕೇಳಿ.